ಬೂಟಿನ ಎಂಟು ತೂತು

ಮೊದಲೇ ಹೇಳಿಬಿಡುತ್ತೇನೆ: ಇದು ಜೇನಲ್ಲ.
ನಮ್ಮ ಮಾತಿನಲ್ಲಿ ಜೇನಿಗೂ ನೊಣವೆಂದೇ ಹೆಸರು,
ಜೇನುನೊಣ ಅಂದುಬಿಡುತ್ತೇವೆ, ಜೇನೇನೂ ಬೇಸರಪಡುವುದಿಲ್ಲ.
ಇದು ಹುಟ್ಟಾ ನೊಣ.
ಎರಡೇ ರೆಕ್ಕೆ, ರೆಕ್ಕೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ.
ಮೈತುಂಬ ಕಂದು ತುಪ್ಪಳ, ಮುಂದಕ್ಕೆ ಚಾಚಿದ
ಮಡಚಲು ಬಾರದ ಸೊಂಡಿಲು,
ಹೊಲಿಯುತ್ತ ಹೊಲಿಯುತ್ತ ದರ್ಜಿ
ಬಾಯಲ್ಲೇ ಮರೆತುಬಿಟ್ಟ ಸೂಜಿ.

ವೈ ಹೊಳೆ ವೇಲ್ಸಿನ ಅಂಚಿನಲ್ಲಿ ಹೊರಳುವ ಕಡೆ
ಸುಣ್ಣಕಲ್ಲಿನ ಇಳಿಜಾರು, ಅದರ ಮೇಲೆ ಹೇಝಲ್ ಕಾಡು.
ಎಂಟು ವರ್ಷಕ್ಕೊಮ್ಮೆ ಬುಡ ಉಳಿಸಿ ಕಡಿಯುತ್ತಾರೆ.
ಕಡಿದರೇ ಬದುಕುವ ಮರ,
ಸುಮ್ಮನೆ ಬಿಟ್ಟರೆ ಮುದಿಯಾಗಿ ಸೀಳಿ ಬೀಳುತ್ತದೆ.
ಇಡ್ವಾಲ್ ಪ್ರೋಸರ್ ಆರು ಸುತ್ತು ಕಡಿದಿದ್ದಾನೆ.
ತನ್ನ ವಯಸ್ಸನ್ನು ಅವನು ಹೇಳುವುದೇ ಹಾಗೆ:
"ಎರಡನೆಯ ಕಡಿತಕ್ಕೆ ಮದುವೆ, ಐದನೆಯದಕ್ಕೆ ಮಂಡಿ ಹೋಯಿತು."

ಈ ಚಳಿಗಾಲ ಕಡಿದ ಜಾಗಕ್ಕೆ ಬೆಳಕು
ಯಾರನ್ನೂ ಕೇಳದೆ ಇಳಿಯಿತು.
ಏಪ್ರಿಲಿನಲ್ಲಿ ಪ್ರಿಮ್ರೋಸ್,
ಕಾಯಿಸುವ ಮೊದಲಿನ ಬೆಣ್ಣೆಯ ಹಳದಿ.
ಕಾಡುಬೆಳ್ಳುಳ್ಳಿಯ ವಾಸನೆ ಇಡ್ವಾಲನ ಕೋಟು ಬಿಟ್ಟು
ಸಂಜೆಯಾದರೂ ಕದಲುವುದಿಲ್ಲ.
ಗಾಡಿದಾರಿಯ ಪಕ್ಕ, ತೆಂಕಣ ಬಿಸಿಲಿಗೆ ಎದೆಕೊಟ್ಟ ಬೋಳು ದಿಬ್ಬ,
ಅದರ ತುಂಬ ಪೆನ್ಸಿಲು ಚುಚ್ಚಿದಂಥ ಬಿಲ.
ಒಂದೊಂದರೊಳಗೂ ಒಬ್ಬಂಟಿ ಜೇನು.
ರಾಣಿಯಿಲ್ಲ, ಸಂಸ್ಥಾನವಿಲ್ಲ, ಹಿಂಡಿದರೆ ತೊಟ್ಟು ತುಪ್ಪವಿಲ್ಲ;
ತೋಡಿ, ಪರಾಗದ ಉಂಡೆ ಕಟ್ಟಿಟ್ಟು, ಮೊಟ್ಟೆಯಿಟ್ಟು,
ಬಾಗಿಲು ಮುಚ್ಚಿ ಸಾಯುವ ಜೇನು.

ಐವತ್ತು ವರ್ಷ ಅವನು ಈ ನೊಣ ಕಂಡಾಗಲೆಲ್ಲ
ಟೋಪಿ ಮುಟ್ಟಿ, "ಬಂದೆಯಾ?" ಎನ್ನುತ್ತಿದ್ದ,
ತನ್ನ ಅಜ್ಜಿಯ ವೆಲ್ಷಿನಲ್ಲಿ.
ವಸಂತದ ಮೊದಲ ಜೇನೆಂದೇ ತಿಳಿದಿದ್ದ.
ತಂಗಿಯ ಮೊಮ್ಮಗಳು ನೆಸ್ಟಾ, ಹನ್ನೆರಡು ವರ್ಷ,
ಬೋರಲು ಮಲಗಿ ನೋಡಿ ನೋಡಿ ಹೇಳಿದಳು:
"ತಾತ, ಇದು ಜೇನಿನ ಮಗುವನ್ನು ತಿನ್ನುವ ಜಾತಿ."

ತೋರಿಸಿದಳು ಕೂಡ.
ಹೆಣ್ಣೊಂದು ಧೂಳಿನಲ್ಲಿ ಅಂಡು ಊರಿ ನಡುಗಿತು,
ಹೊಟ್ಟೆತುದಿಯ ಚೀಲಕ್ಕೆ ಹುಡಿಮಣ್ಣು ತುಂಬಿಕೊಂಡಿತು.
ಅಂಟದಿರಲೆಂದು ರೊಟ್ಟಿಗೆ ಹಿಟ್ಟು ಸವರುವ ಹಾಗೆ
ಒಂದೊಂದು ಮೊಟ್ಟೆಗೂ ಮಣ್ಣು.
ಮೇಲೆದ್ದು, ಗಾಳಿಗೆ ಗೂಟ ಹೊಡೆದು ಕಟ್ಟಿದಂತೆ ನಿಂತು
ಚಿಮ್ಮಿತು.
ಕಂಡದ್ದು ಚಿಮ್ಮಿದ್ದಷ್ಟೇ, ಮೊಟ್ಟೆ ಕಾಣಲಿಲ್ಲ.
ಬಿಲದ ಕತ್ತಲೆಗೆ ಗುರಿಯಿಟ್ಟು ಮತ್ತೆ ಚಿಮ್ಮಿತು.
ಒಳಗೆ ಎಳೆಹುಳು ತೆವಳುತ್ತದೆ, ಕಾಯುತ್ತದೆ,
ಜೇನಿನ ಹುಳು ಕೊಬ್ಬುವವರೆಗೂ ಕಾಯುತ್ತದೆ.

ಇಡ್ವಾಲ್ ಮಾತಾಡಲಿಲ್ಲ.
ಟೋಪಿ ತೆಗೆದು ಐದಾರು ಬಿಲಗಳ ಮೇಲೆ ಕವುಚಿದ.
ಕಾಲುತುಂಬ ಪರಾಗ ಮೆತ್ತಿಕೊಂಡು ಬಂದ ಜೇನೊಂದು
ಟೋಪಿಯ ಸುತ್ತ ಮನೆ ಹುಡುಕಿತು,
ಹುಡುಕಿತು.
ಟೋಪಿ ಎತ್ತಿಕೊಂಡ.
"ಯಾರ ಪರ ನಿಲ್ಲೋದು ಮತ್ತೆ?"
"ನಿಲ್ಲಬೇಡ, ಕೂತುಕೋ" ಅಂದಳು ನೆಸ್ಟಾ.

ಕೂತ. ಕಾಲು ಚಾಚಿದ.
ಎಡಗಾಲಿನ ಬೂಟಿನ ದಾರ ಕಿತ್ತು ವಾರವಾಗಿತ್ತು,
ಎಂಟು ತೂತೂ ಖಾಲಿ, ಕಪ್ಪು.
ನೊಣ ಬಂತು. ಬೂಟಿನ ಮುಂದೆ ಗಾಳಿಯಲ್ಲಿ ನಿಂತಿತು.
ಒಂದು. ಎರಡು.
ತುಸು ಜರುಗಿ, ಪಕ್ಕದ ತೂತಿಗೆ ಮೂರು.
ಏನು ನಂಬಿಕೆಯಪ್ಪ! ಇಷ್ಟು ಕತ್ತಲೆ ಕಂಡರೆ ಸಾಕು,
ಅದರಾಚೆ ತೊಟ್ಟಿಲಿದೆ, ತುತ್ತಿದೆ ಎಂದು.
ನೆಸ್ಟಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
ಮುದುಕ ಉಸಿರು ಬಿಗಿಹಿಡಿದ,
ಬೂಟಿನೊಳಗೆ ಬೆರಳೂ ಆಡಿಸಲಿಲ್ಲ.

ಸಂಜೆ ಇಳಿಜಾರು ಇಳಿಯುವಾಗ
ಅವನ ಎಡಗಾಲು ಮೆಲ್ಲಗೆ ಊರುತ್ತಿತ್ತು.
ಮಂಡಿನೋವೆಂದುಕೊಂಡಳು ಹುಡುಗಿ.
ಬಾಗಿಲಲ್ಲಿ ಬೂಟು ಬಿಚ್ಚಿ, ಕೊಡವಲೆಂದು ಎತ್ತಿದವನು
ಹಾಗೇ ಕೆಳಗಿಟ್ಟ.

ಮರುದಿನ ಅವಳು ಹೊಸ ದಾರ ತಂದಳು.
ಮೇ ಮುಗಿಯಲಿ, ಅಂದ.